ಬಾನಿಯ ಹೊರಗೆ ಬರುವ ನೀಲಿ

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಗುಡಿಸಲು. ಗುಡಿಸಲಿನಲ್ಲಿ ಮರಿಸ್ವಾಮಿ ತಾತ.

ಇಷ್ಟರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮುಂದಿನದಕ್ಕೆಲ್ಲ ನಾನು ಹೊಣೆ. ನಾನು ಹೊಣೆ ಹೊತ್ತ ಕಥೆಗಳು ಎಷ್ಟು ಸತ್ಯವಾಗಿರುತ್ತವೆ ಎಂದು ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ನನ್ನ ಹೆಂಡತಿಯನ್ನು ಬಿಟ್ಟು.

ಒಂದು ಬೆಳಿಗ್ಗೆ ತಾತನ ಹತ್ತಿರ ಒಬ್ಬ ಬಂದ. ಹೆಸರು ಗಾದಿಲಿಂಗ. ನಡುವಯಸ್ಸು. ಹೆಗಲ ಮೇಲೊಂದು ಗಂಟು. ಎರಡೂ ಕೈ ಮೊಣಕೈವರೆಗೆ ನೀಲಿ.

ಎಂಥ ನೀಲಿ ಅಂತೀರಿ! ಅವನು ಹೊಳೆಯಲ್ಲಿ ಕೈ ಅದ್ದಿದರೆ, ಆಕಾಶ ಕೆಳಗೆ ಬಿತ್ತೆಂದು ಕೊಕ್ಕರೆಗಳು ನೀರಿನೊಳಕ್ಕೆ ಹಾರಿದವು. ನಾನೇ ಕಣ್ಣಾರೆ ಕಂಡಿದ್ದೇನೆ. ಆಗ ನಾನಿನ್ನೂ ಹುಟ್ಟಿರಲಿಲ್ಲ, ಆ ಮಾತು ಬೇರೆ.

“ಯಾರಪ್ಪಾ ನೀನು?” ತಾತ ಕೇಳಿದರು.

“ಬಣ್ಣ ಅದ್ದುವವನಾಗಿದ್ದೆ. ಈಗ ಯಾರೂ ಅಲ್ಲ.”

“ಯಾರೂ ಅಲ್ಲ ಅನ್ನಿಸಿಕೊಳ್ಳೋಕೆ ಜನ ನನ್ನ ಹತ್ತಿರ ವರ್ಷಗಟ್ಟಲೆ ಕಣ್ಣು ಮುಚ್ಚಿ ಕೂರ್ತಾರೆ. ನೀನು ಬರುವಾಗಲೇ ಆಗಿ ಬಂದಿದ್ದೀಯ. ಕೂತ್ಕೋ.”

ಗಾದಿಲಿಂಗ ಕೂತ. ಗಂಟು ಮಾತ್ರ ಕೆಳಗಿಡಲಿಲ್ಲ.

ಆ ಸೀಮೆಯಲ್ಲಿ ಹಂಪಮ್ಮ ಎಂಬ ಸಾಹುಕಾರ್ತಿಯ ಬಣ್ಣದ ಮನೆ. ಅಲ್ಲಿ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಬಾನಿಗಳು, ಬಾನಿ ತುಂಬ ನೀಲಿ. ಎಲ್ಲಕ್ಕಿಂತ ಹಳೆಯ ಬಾನಿಯ ಹೆಸರು ದೊಡ್ಡವ್ವ. ನೀಲಿಯ ಬಾನಿ ಎಂದರೆ ಜೀವ ಇದ್ದ ಹಾಗೆ. ದಿನಾ ಕಲಕಬೇಕು, ಹೊತ್ತಿಗೆ ಸರಿಯಾಗಿ ಉಣ್ಣಿಸಬೇಕು. ಕೈಬಿಟ್ಟರೆ ಸತ್ತೇ ಹೋಗುತ್ತದೆ. ಮೀಸೆ ಮೂಡುವ ಮೊದಲೇ ಗಾದಿಲಿಂಗ ದೊಡ್ಡವ್ವನ ಚಾಕರಿಗೆ ನಿಂತವನು.

ಗಿರಣಿ ಬಟ್ಟೆ ಅಗ್ಗವಾಯಿತು. ನೀಲಿ ಕೇಳುವವರು ಇಲ್ಲದಾದರು. ಒಂದು ದಿನ ಹಂಪಮ್ಮ ಕೆಲಸದವರನ್ನೆಲ್ಲ ತೆಗೆದಳು.

“ತೆಗೆದದ್ದಕ್ಕೆ ಸಿಟ್ಟಿಲ್ಲ ತಾತ. ವ್ಯಾಪಾರ ಇಲ್ಲ ಅಂದ್ರೆ ಆಯಮ್ಮ ಆದ್ರೂ ಏನು ಮಾಡ್ತಾಳೆ? ಆದ್ರೆ ಗುಮಾಸ್ತನ ಕೈಲಿ ಹೇಳಿಸಿದಳು. ತಾನು ಬಾಗಿಲ ಹಿಂದೆ ನಿಂತಿದ್ದಳು. ಬಾಗಿಲ ಸಂದಿಯಲ್ಲಿ, ಕೆಳಗೆ, ಆಯಮ್ಮನ ಕಾಲು ಕಾಣ್ತಿತ್ತು ತಾತ. ಕಾಲು!”



ತಾತ ಸಮಾಧಾನ ಹೇಳಲಿಲ್ಲ. ಒಂದು ಪೊರಕೆ ಕೊಟ್ಟರು.

ಹೀಗೆ ಗಾದಿಲಿಂಗ ಶಿಷ್ಯನಾದ.

ಅಂಗಳ ಗುಡಿಸಿದ. ನೀರು ತಂದ. ರೊಟ್ಟಿ ಬಡಿದ. ಬಿಡುವಾದಾಗಲೆಲ್ಲ ಹೊಳೆಗಿಳಿದು ಮರಳು ಹಾಕಿ ಕೈ ಉಜ್ಜಿದ. ಅವನು ಉಜ್ಜಿದ ರಭಸಕ್ಕೆ ಆ ದಂಡೆಯ ಮರಳೇ ಸವೆದು ಹಿಟ್ಟಾಯಿತು. ಈಗಲೂ ಅಲ್ಲಿ ಕಾಲಿಟ್ಟರೆ ಜೋಳದ ಹಿಟ್ಟಿನ ಹಾಗೆ ಮೆತ್ತಗಿದೆ.

“ಬಣ್ಣ ಹೋಗ್ತಾ ಇಲ್ಲ ತಾತ.”

“ಚರ್ಮ ಹೋಗ್ತಾ ಇದೆ,” ಎಂದರು ತಾತ. “ಎರಡರಲ್ಲಿ ಯಾವುದು ಮೊದಲು ಮುಗಿಯುತ್ತೋ ನೋಡೋಣ.”

ದಿನ ಕಳೆದವು. ಕೈಯ ನೀಲಿ ತೆಳುವಾಯಿತು. ಉಗುರಿನ ನೀಲಿ ಅಲ್ಲಾಡಲಿಲ್ಲ.

ಹೀಗಿರುವಾಗ ಹಂಪಮ್ಮನ ಗುಮಾಸ್ತ ಬಂದ. ಕೊಡೆ ಮಡಚುವ ಮೊದಲೇ ಮಾತು ಮುಗಿಸಿದ.

“ಪಟ್ಟಣದವರಿಗೆ ಮತ್ತೆ ನೀಲಿಯ ಹುಚ್ಚು ಹಿಡಿದಿದೆ. ಸಾಹುಕಾರ್ತಿ ನಿನ್ನನ್ನು ಬಾ ಅಂದಿದ್ದಾರೆ.”

“ಅವರು ಬರಲಿಲ್ವಾ?”

“ನನ್ನ ಕಳಿಸಿದ್ದಾರಲ್ಲ!”

“ಹೋಗು ಅಂದದ್ದೂ ನೀನೇ, ಬಾ ಅನ್ನೋದೂ ನೀನೇ. ನಾನು ಇಷ್ಟು ವರ್ಷ ದುಡಿದದ್ದು ನಿನ್ನ ಹತ್ತಿರವೇನಯ್ಯಾ?”

ಗುಮಾಸ್ತ ಕೊಡೆ ಬಿಚ್ಚಿಕೊಂಡು ಹೋದ.

ಶಿಷ್ಯ ತಾತನ ಮುಂದೆ ಕೂತ.

“ತಾತ, ಹೋಗಲಾ, ಬೇಡ್ವಾ?”

“ಏನಂದ್ರೆ ನಿನಗೆ ಸಮಾಧಾನ?”

“ಬೇಡ ಅಂದ್ರೆ.”

“ಹಾಗಾದ್ರೆ ಬೇಡ.”

ಆ ದಿನ ಶಿಷ್ಯ ರೊಟ್ಟಿ ಸೀಯಿಸಿದ.

ಮರುದಿನ ಮತ್ತೆ ಬಂದು ಕೂತ. “ಬೇಡ ಅಂದದ್ದು ಸರಿಯಾಗಲಿಲ್ಲ ತಾತ. ಹೋಗು ಅಂದು ನೋಡಿ.”

“ಸರಿ, ಹೋಗು.”

ಆ ದಿನ ಶಿಷ್ಯ ರೊಟ್ಟಿಯನ್ನೇ ಮಾಡಲಿಲ್ಲ.

“ಒಂದು ಸಲ ಬೇಡ ಅಂತೀರಿ, ಒಂದು ಸಲ ಹೋಗು ಅಂತೀರಿ. ನೀವು ಯಾರ ಕಡೆ ತಾತ?”

“ರೊಟ್ಟಿಯ ಕಡೆ,” ಎಂದರು ತಾತ.

ಹಸಿದ ಹೊಟ್ಟೆಯಲ್ಲಿ ತಾತನಿಗೆ ಒಂದು ಆಸೆ ಹುಟ್ಟಿತು.

“ಗಾದಿಲಿಂಗಾ, ನನ್ನ ಈ ಬಿಳಿ ವಸ್ತ್ರ ಬೇಗ ಕೊಳೆಯಾಗ್ತದೆ. ಒಗೆಯೋಕೆ ನನಗೆ ಸೋಮಾರಿತನ. ನೀಲಿ ಮಾಡಿಕೊಡು.”

“ಆ ಕೆಲಸ ಬಿಟ್ಟೆ ತಾತ. ಅದರ ಸಾಮಾನೂ ನನ್ನ ಹತ್ತಿರ ಇಲ್ಲ.”

“ಗಂಟಿನಲ್ಲಿ ಏನಿದೆ?”

ಬಂದಾಗಿನಿಂದ ಆ ಗಂಟು ಬಿಚ್ಚಿರಲಿಲ್ಲ. ಈಗ ಬಿಚ್ಚಿದ. ಒಂದು ಅಂಗಿ, ಒಂದು ಪಂಚೆ, ಅವುಗಳ ನಡುವೆ ಚಿಂದಿಯಲ್ಲಿ ಸುತ್ತಿದ ನೀಲಿಯ ಉಂಡೆ.

“ಇದನ್ನು ಯಾಕೆ ತಂದೆ?”

“ಗೊತ್ತಿಲ್ಲ ತಾತ.”

“ಒಳ್ಳೆಯದೇ ಆಯ್ತು. ಗೊತ್ತಿದ್ದಿದ್ರೆ ಅಲ್ಲೇ ಬಿಟ್ಟು ಬರ್ತಿದ್ದೆ.”

ಶಿಷ್ಯ ಅಂಗಳದಲ್ಲಿ ಒಂದು ಮಡಕೆ ಹೂತ. ಸುಣ್ಣದ ತಿಳಿ ಹಾಕಿದ, ತಗಚೆ ಬೀಜ ಬೇಯಿಸಿ ಹಾಕಿದ, ಉಂಡೆ ಅರೆದು ಹಾಕಿದ. ಬೆಳಿಗ್ಗೆ ಸಂಜೆ ಕಲಕಿದ. ಮಡಕೆ ಹುಳಿತು ನಾರತೊಡಗಿತು. ಆ ನಾತಕ್ಕೆ ಹೊಳೆಯ ಮೀನುಗಳು ಸಂಸಾರ ಸಮೇತ ಕೆಳಗಿನ ಊರಿಗೆ ವಲಸೆ ಹೋದವು. ಆ ಊರಿನ ಬೆಸ್ತರು ಇವತ್ತಿಗೂ ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ; ನನಗೇ ಯಾಕೆ ಎಂದು ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.

ಶಿಷ್ಯ ಮಾತ್ರ ಮಡಕೆಯ ಮೇಲೆ ಬಗ್ಗಿ ಮೂಸಿದ. ಅವನ ಮುಖ, ಕೂಸಿನ ನೆತ್ತಿ ಮೂಸಿದವನ ಮುಖದಂತಾಯಿತು.

“ಎದ್ದಿದೆ ತಾತ! ಜೀವ ಬಂದಿದೆ!”

ಬೇವಿನ ಮರದಿಂದ ಗುಡಿಸಲಿನ ಕಂಬಕ್ಕೆ, ಬಟ್ಟೆ ಒಣಹಾಕಲು ಒಂದು ಹಗ್ಗ ಕಟ್ಟಿದ. ತಾತ ಹೊರಗೆ ಬಂದರೆ ಆ ಹಗ್ಗ ಸರಿಯಾಗಿ ಅವರ ಜಡೆಗೇ ಸಿಕ್ಕಿಕೊಂಡಿತು.

“ಏ, ಇದೇನೋ ನೇಣು ಕಟ್ಟಿದ್ದೀಯ!”

“ನಿಮ್ಮ ಬಟ್ಟೆ ಆದ ತಕ್ಷಣ ಬಿಚ್ಚಿಬಿಡ್ತೀನಿ ತಾತ.”

ಬಿಳಿ ವಸ್ತ್ರ ಮಡಕೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮೇಲೆ ಬಂತು. ನೀಲಿಯಲ್ಲ. ಹಸಿರು.

“ಇದು ನೀಲಿಯಾ?” ತಾತ ರೇಗಿದರು. “ನನ್ನ ಕಣ್ಣು ಮಬ್ಬಾದರೂ ಗಿಳಿ ಯಾವುದು, ನವಿಲು ಯಾವುದು ಗೊತ್ತಾಗ್ತದೆ. ಮತ್ತೆ ಅದ್ದು!”

“ತಡೀರಿ ತಾತ.”

“ಅದ್ದೋ ಅಂದ್ರೆ!” ತಾತ ಬಟ್ಟೆಗೇ ಕೈ ಹಾಕಿದರು.

ಶಿಷ್ಯ ಗುರುವಿನ ಕೈ ಮೇಲೆ ಪಟ್ಟನೆ ಒಂದು ಬಿಟ್ಟ.

“ಮುಟ್ಟಬೇಡಿ! ಬಣ್ಣ ಹಿಡಿಯೋದು ಬಾನಿಯೊಳಗೆ, ನೀಲಿ ಬರೋದು ಬಾನಿಯ ಹೊರಗೆ. ಗಾಳಿ ಆಡಲಿ. ಒಳಗೇ ಇಟ್ಟರೆ ವರ್ಷ ಇಟ್ಟರೂ ನೀಲಿ ಆಗಲ್ಲ.”

“ಹಸಿರಿರುವಾಗಲೇ ಮತ್ತೆ ಅದ್ದಿದರೆ?”

“ಮಚ್ಚೆ ಬೀಳ್ತದೆ. ಬಣ್ಣ ನಿಲ್ಲೋದಿಲ್ಲ.”

“ಹಸಿರು ಪೂರ್ತಿ ಹೋಯ್ತು ಅಂತ ಹೇಗೆ ತಿಳೀಬೇಕು?”

“ಬಟ್ಟೆಯ ಮಡಿಕೆ ಬಿಡಿಸಿ ನೋಡಬೇಕು. ಮೇಲೆಲ್ಲ ನೀಲಿ ಇದ್ರೂ ಮಡಿಕೆಯೊಳಗೆ ಹಸಿರು ಅಡಗಿರ್ತದೆ.”

“ಅಲ್ಲೂ ಇಲ್ಲ ಅಂದ್ರೆ? ಮತ್ತೆ ಅದ್ದಲೇಬೇಕಾ?”

“ಅದ್ದಲೇಬೇಕು ಅಂತೇನಿಲ್ಲ. ತಿಳಿನೀಲಿ ಸಾಕು ಅಂದ್ರೆ ಅಲ್ಲಿಗೇ ಬಿಡಬಹುದು. ಗಾಢ ಬೇಕು ಅಂದ್ರೆ ಮತ್ತೆ ಅದ್ದಬಹುದು. ಹಸಿರು ಹೋದಮೇಲೆ ಎರಡೂ…”

ಶಿಷ್ಯ ಮಾತು ನಿಲ್ಲಿಸಿದ.

ಬಾಯಿ ತೆರೆದೇ ಇತ್ತು. ತಾತನ ಮುಖ ನೋಡಿದ. ತಾತ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದರು, ಅಥವಾ ಹೋದವರ ಹಾಗಿದ್ದರು. ಆ ವಿದ್ಯೆಯಲ್ಲಿ ನನ್ನನ್ನು ಬಿಟ್ಟರೆ ಅವರೇ.

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಬಟ್ಟೆಯ ಅಂಚಿನಿಂದ ನೀಲಿ ಏರತೊಡಗಿತು. ಗಾದಿಲಿಂಗ ಅದರ ಕೆಳಗೆ ಸುಮ್ಮನೆ ಕೂತ. ಅವತ್ತು ಅವನು ಕೈ ಉಜ್ಜಲು ಹೊಳೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ನೀರು ಹೊತ್ತು ತಂದಾಗ ಹಗ್ಗದ ಮೇಲೆ ವಸ್ತ್ರ ತೂಗಾಡುತ್ತಿತ್ತು. ವಸ್ತ್ರದ ಕೆಳಗೆ ಎರಡು ಕಾಲು ಕಾಣುತ್ತಿದ್ದವು.

ಅವನು ಕೊಡ ಇಳಿಸಿದ. ಆ ಕಾಲು ಅವನಿಗೆ ಗೊತ್ತು.



“ಅಮ್ಮಾ,” ಎಂದ ಗಾದಿಲಿಂಗ, “ಕಾಲು ಕಾಣ್ತಿದೆ.”

ಬಟ್ಟೆಯ ಆ ಕಡೆ ಯಾರೋ ಮೂಗು ಸೇದಿದರು.

“ಆವತ್ತೂ ಕಾಣ್ತಿತ್ತಾ?”

“ಆವತ್ತೂ ಕಾಣ್ತಿತ್ತು.”

“ಚಿಲಕದ ಮೇಲೆ ಕೈ ಇತ್ತು ಗಾದಿಲಿಂಗಾ. ತೆಗೆಯೋಕೆ ಆಗಲಿಲ್ಲ. ನಿನ್ನ ಮುಖ ನೋಡಿದ್ರೆ ನನ್ನಿಂದ ಹೇಳೋಕೆ ಆಗ್ತಿರಲಿಲ್ಲ.”

“ಹೇಳಬಾರದಿತ್ತು ಅಂತ ನಾನು ಅನ್ನಲ್ಲ ಅಮ್ಮಾ. ನೋಡಿ ಹೇಳಬೇಕಿತ್ತು.”

“ಹೌದಪ್ಪ. ನೋಡಿ ಹೇಳಬೇಕಿತ್ತು.”

ಒಂದು ಕೈ ಬಟ್ಟೆಯನ್ನು ಪಕ್ಕಕ್ಕೆ ಸರಿಸಿತು. ಮೊದಲು ಗಾದಿಲಿಂಗನಿಗೆ ಕಂಡದ್ದು ಹಂಪಮ್ಮನ ಮುಖವಲ್ಲ, ಆ ಕೈ. ಮೊಣಕೈವರೆಗೆ ನೀಲಿ. ಬಳೆಯ ಸಂದಿನಲ್ಲಿ ನೀಲಿ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ, ಮಚ್ಚೆ ಮಚ್ಚೆ.

“ಏನಮ್ಮಾ ಇದು!”

“ದೊಡ್ಡವ್ವ ಸಾಯಬಾರದಲ್ಲ? ನಿಮ್ಮನ್ನೆಲ್ಲ ಕಳಿಸಿದ ಮೇಲೆ ಕಲಕೋರು ಯಾರು? ನಾನೇ ಸೆರಗು ಕಟ್ಟಿದೆ. ಉಳಿದ ಬಾನಿ ಎಲ್ಲ ಹೋದವು. ಅವಳೊಬ್ಬಳು ಇದ್ದಾಳೆ.”

“ಇದ್ದಾಳಾ?”

“ಇದ್ದಾಳೆ. ಆದ್ರೆ ನನ್ನ ಮಾತು ಕೇಳಲ್ಲ. ಏನು ಅದ್ದಿದ್ರೂ ನನ್ನ ಕೈಯ ಹಾಗೇ ಮಚ್ಚೆ.”

“ಹಸಿರಿರುವಾಗಲೇ ಮತ್ತೆ ಅದ್ದಿದ್ದೀರಿ.”

“ನನಗೆ ತಡೆಯೋಕೆ ಆಗಲ್ಲ ಕಣೋ.”

“ನಮ್ಮ ತಾತನಿಗೂ ಆಗಲ್ಲ.”

ಗುಡಿಸಲಿನ ಒಳಗಿನಿಂದ ಒಂದು ಕೆಮ್ಮು ಕೇಳಿತು.

ಹಂಪಮ್ಮ ನಕ್ಕಳು. ನಗುತ್ತಾ ಕಣ್ಣೊರೆಸಿಕೊಂಡಳು. ಗಾದಿಲಿಂಗನೂ ನಕ್ಕ. ತನ್ನ ನಗು ತನಗೇ ಹೊಸದೆನಿಸಿ ಅವನು ನಿಂತು ಕೇಳಿಸಿಕೊಂಡ.

“ಬರ್ತೀಯಾ?” ಹಂಪಮ್ಮ ಕೇಳಿದಳು.

“ಪಟ್ಟಣದವರ ಹುಚ್ಚು ಮತ್ತೆ ಬಿಟ್ಟರೆ?”



“ಬಿಟ್ಟರೆ ಮತ್ತೆ ಕಳಿಸಬೇಕಾಗ್ತದೆ. ಕಳಿಸಲ್ಲ ಅಂತ ಸುಳ್ಳು ಹೇಳಲ್ಲ ಗಾದಿಲಿಂಗಾ. ಆದ್ರೆ ಆ ದಿನ ನಾನೇ ಹೇಳ್ತೀನಿ. ನಿನ್ನ ಮುಂದೆ ನಿಂತು.”

ಅಷ್ಟು ಹೇಳಿ ಅವಳು ಹೊಳೆಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ಒಂದು ಕಲ್ಲಿನ ಮೇಲೆ ಕೂತು ಕಾದಳು. ಈ ಕಡೆ ತಿರುಗಿಯೇ ಕೂತಳು.

ಶಿಷ್ಯ ಹಗ್ಗದಿಂದ ವಸ್ತ್ರ ತೆಗೆದು ಒಳಗೆ ತಂದ. ತಾತನ ಮುಂದೆ ಕೂತು ಅದರ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದ.

“ಹಸಿರಿದೆಯಾ?” ತಾತ ಕೇಳಿದರು.

“ಬಟ್ಟೆಯಲ್ಲಿ ಇಲ್ಲ.”

“ನಾನು ಬಟ್ಟೆಯದು ಕೇಳಲಿಲ್ಲ.”

ಶಿಷ್ಯ ಕಣ್ಣು ಮುಚ್ಚಿದ. ಆ ಬಾಗಿಲನ್ನು ನೆನೆಸಿಕೊಂಡ. ಗುಮಾಸ್ತನ ದನಿ ನೆನೆಸಿಕೊಂಡ. ಬಾಗಿಲ ಕೆಳಗಿನ ಕಾಲು ನೆನೆಸಿಕೊಂಡ. ಚಿಲಕದ ಮೇಲಿನ ಕೈಯನ್ನೂ ನೆನೆಸಿಕೊಂಡ. ಅದು ಅವನಿಗೆ ಮೊದಲು ಕಂಡಿರಲಿಲ್ಲ.

“ಇಲ್ಲ ತಾತ.”

“ಹಾಗಾದ್ರೆ ನಿನ್ನಿಷ್ಟ. ತಿಳಿನೀಲಿ ಸಾಕು ಅಂದ್ರೆ ಪೊರಕೆ ಅಲ್ಲಿದೆ.”

ಶಿಷ್ಯ ಪೊರಕೆಯ ಕಡೆ ನೋಡಿದ. ತನ್ನ ಉಗುರು ನೋಡಿಕೊಂಡ.

“ಗಾಢ ಬೇಕು ಅನ್ನಿಸ್ತಿದೆ ತಾತ.”

ತಾತ ತಲೆಯಾಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಹೊಗೆ ಎಂದರು. ಒಲೆ ಹಚ್ಚಿರಲಿಲ್ಲ.

ಗಾದಿಲಿಂಗ ನೀಲಿ ವಸ್ತ್ರವನ್ನು ತಾತನಿಗೆ ಹೊದಿಸಿದ. ಕಾಲಿಗೆ ಬಿದ್ದ. ಗಂಟು ಕಟ್ಟಿಕೊಂಡು ಅಂಗಳಕ್ಕೆ ಬಂದವನು ತಿರುಗಿ ನಿಂತ.

“ಮತ್ತೆ ಕಳಿಸಿಬಿಟ್ಟರೆ ತಾತ?”

ತಾತ ಅವನ ಹಿಂದೆಯೇ ಹೊರಗೆ ಬಂದರು. ಬಂದವರ ಜಡೆ ಮತ್ತೆ ಹಗ್ಗಕ್ಕೆ ಸಿಕ್ಕಿಕೊಂಡಿತು.

“ಅಯ್ಯೋ ತಾತ, ಮರೆತೇಬಿಟ್ಟಿದ್ದೆ!” ಶಿಷ್ಯ ಗಂಟು ಇಳಿಸಿ ಬೇವಿನ ಮರದ ಕಡೆ ಓಡಿದ. “ಬಟ್ಟೆ ಆಯ್ತಲ್ಲ, ಬಿಚ್ಚಿಬಿಡ್ತೀನಿ.”

ತಾತ ಜಡೆಯನ್ನು ಹಗ್ಗದಿಂದ ಮೆಲ್ಲಗೆ ಬಿಡಿಸಿಕೊಂಡರು.

“ಬಿಚ್ಚಬೇಡ,” ಎಂದರು. “ಹಗ್ಗ ಅಲ್ಲೇ ಇರಲಿ.”