ತುಪ್ಪದ ವ್ಯಾಪಾರಿಯ ಮುಖಪುಟ

“ಗುರುಗಳೇ, ನಿಜವಾದ ಹೊಗಳಿಕೆಯನ್ನು ಹಣ ಕೊಟ್ಟು ಪಡೆದರೆ ತಪ್ಪೇನು?”

ಕೇಳಿದವಳು ಸುಗುಣಾ ಎಂಬ ಶಿಷ್ಯೆ. ಅವಳು ಹೊಲಿಗೆ ಶಾಲೆಯೊಂದನ್ನು ನಡೆಸುತ್ತಿದ್ದಳು. ಯಾವುದೋ ಪತ್ರಿಕೆಯವರು ಕೆಲವು ದಿನಗಳಿಂದ ಅವಳಿಗೆ ಫೋನು ಮಾಡುತ್ತಿದ್ದರು. ಶಾಲೆಯ ವಿಷಯ ಬರೆಯುತ್ತೇವೆ, ಖರ್ಚು ಮಾತ್ರ ನಿಮ್ಮದು ಎಂದಿದ್ದರು. ಅವಳು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

“ಅವರು ಸುಳ್ಳು ಬರೆಯಬೇಕಾಗಿಲ್ಲ. ನನ್ನ ಕೆಲಸ ಅಚ್ಚುಕಟ್ಟೆಂದು ಊರಿಗೇ ಗೊತ್ತು” ಎಂದಳು.

ಗುರುಗಳು ಹೇಳಿದರು:

ಒಬ್ಬ ತುಪ್ಪದ ವ್ಯಾಪಾರಿಯಿದ್ದನು. ಬೆಣ್ಣೆಯನ್ನು ತಾನೇ ನೋಡಿ ತರುತ್ತಿದ್ದನು, ತಾನೇ ಕಾಯಿಸುತ್ತಿದ್ದನು. ತುಪ್ಪಕ್ಕೆ ಬೇರೆ ಏನನ್ನೂ ಬೆರೆಸಿದವನಲ್ಲ. ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು. ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಜನರು ಡಬ್ಬಿ ತಂದು, ತುಂಬಿಸಿಕೊಂಡು, ಸುಮ್ಮನೆ ಹೊರಟುಹೋಗುತ್ತಿದ್ದರು. ತುಪ್ಪ ಚೆನ್ನಾಗಿದೆ ಎಂದು ಒಬ್ಬರೂ ಹೇಳುತ್ತಿರಲಿಲ್ಲ. ಅದೊಂದು ಮಾತು ಕೇಳಬೇಕೆಂದು ಅವನಿಗೆ ಬಹಳ ಆಸೆ. ಹೆಂಡತಿಯ ಹತ್ತಿರ ಹೇಳಿಕೊಂಡನು.

“ತೆಗೆದುಕೊಂಡು ಹೋದವರು ಮತ್ತೆ ಬರುತ್ತಾರಲ್ಲ, ಸಾಲದೇ? ಇನ್ನು ಆರತಿ ಬೇರೆ ಎತ್ತಬೇಕೇನು?” ಎಂದಳು ಅವಳು.

ಅವನಿಗೆ ಸಾಲಲಿಲ್ಲ. ಒಂದು ದಿನ ಫೋನು ಬಂದಿತು.

“ನಮಸ್ಕಾರ ಸರ್! ಮೊದಲು ಸಿಹಿ ಹಂಚಿ. ಈ ವರ್ಷದ ಹೆಮ್ಮೆಯ ವ್ಯಾಪಾರಿ ಎಂದು ನಮ್ಮ ಪತ್ರಿಕೆ ನಿಮ್ಮನ್ನೇ ಆರಿಸಿದೆ.”

“ಆರಿಸಿದವರು ಯಾರು?”

“ನಮ್ಮ ಸಮಿತಿ ಸರ್.”

“ಸಮಿತಿಯವರು ನನ್ನ ತುಪ್ಪ ತಿಂದಿದ್ದಾರೆಯೇ?”

“ಮುಖಪುಟ ಸರ್! ಬಣ್ಣದ ಫೋಟೋ! ನಿಮ್ಮೂರಿನ ಎಣ್ಣೆ ಅಂಗಡಿಯವರು ದಿನಾ ಕೇಳುತ್ತಿದ್ದಾರೆ. ನಾವೇ ನಿಮಗೆಂದು ಇಟ್ಟಿದ್ದೇವೆ. ಅಚ್ಚಿನ ಖರ್ಚೊಂದು ನೋಡಿಕೊಂಡರೆ ಆಯಿತು.”

ಸಮಿತಿಯವರು ತುಪ್ಪ ತಿಂದಿಲ್ಲವೆಂಬುದು ವ್ಯಾಪಾರಿಗೆ ತಿಳಿಯಿತು. ಆದರೂ ಹಣ ಕಳುಹಿಸಿದನು. ಏನು ಬರೆಯಬೇಕೆಂದು ಅವರು ಅವನನ್ನೇ ಕೇಳಿದರು. ಅವನು ಸುಳ್ಳು ಬರೆಸಲಿಲ್ಲ. ‘ಇವರ ತುಪ್ಪದಲ್ಲಿ ಕಲಬೆರಕೆಯಿಲ್ಲ’ ಎಂದು ಬರೆಸಿದನು. ಪತ್ರಿಕೆ ಬಂದಿತು; ಅವನೊಬ್ಬನಿಗಲ್ಲದೆ ಊರಿನಲ್ಲಿ ಬೇರೆ ಯಾರಿಗೂ ಬರಲಿಲ್ಲ. ಮುಖಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದನು.

ಮರುದಿನ ಒಬ್ಬ ಮುದುಕಿ ಬಂದಳು. ಅವಳ ಮನೆಯ ಮಕ್ಕಳೆಲ್ಲ ಅವನ ತುಪ್ಪವನ್ನೇ ಉಂಡು ಬೆಳೆದವರು. ಕನ್ನಡಕ ಸರಿಮಾಡಿಕೊಂಡು ಗೋಡೆಯ ಮೇಲಿನ ಬರಹವನ್ನು ಓದಿದಳು.

“ಯಾಕಪ್ಪಾ, ತುಪ್ಪದ ಬಗ್ಗೆ ಯಾರಾದರೂ ಏನಾದರೂ ಅಂದಿದ್ದಾರೆಯೇ?”

“ಛೆ, ಇಲ್ಲಮ್ಮಾ. ಪತ್ರಿಕೆಯವರು ಮೆಚ್ಚಿಕೊಂಡು ತಾವಾಗಿಯೇ ಬರೆದರು.”

ಆ ಅಂಗಡಿಯಲ್ಲಿ ಕುಳಿತು ಅವನು ಆಡಿದ ಮೊದಲ ಸುಳ್ಳು ಅದು. ಹೇಳುವಾಗ ಅವನು ತಕ್ಕಡಿಯನ್ನು ನೋಡುತ್ತಿದ್ದನು. ಮುದುಕಿ ಅವನನ್ನು ನೋಡುತ್ತಿದ್ದಳು.

ಅವಳು ಡಬ್ಬಿ ಕೊಡಲಿಲ್ಲ. ಕೈ ಮಗುಚಿ ಮುಂದೆ ಚಾಚಿದಳು. “ಒಂದು ಹನಿ ಹಾಕು” ಎಂದಳು.

ಗುರುತಿಲ್ಲದ ಅಂಗಡಿಯಲ್ಲಿ ತುಪ್ಪ ಕೊಳ್ಳುವವರು ಹೀಗೆ ಮಾಡುತ್ತಾರೆ. ಕೈಯ ಹಿಂಬದಿಗೆ ಹನಿ ಹಾಕಿಸಿಕೊಂಡು, ತಿಕ್ಕಿ, ಮೂಸಿ, ಕಲಬೆರಕೆಯಿದೆಯೇ ಎಂದು ಪರೀಕ್ಷಿಸುತ್ತಾರೆ. ಅವನ ಮುಂದೆ ಹಾಗೆ ಕೈ ಚಾಚಿದವರು ಅದುವರೆಗೆ ಯಾರೂ ಇರಲಿಲ್ಲ.

ಅವನು ಹನಿ ಹಾಕಿದನು. ಅವಳು ತಿಕ್ಕಿದಳು, ಮೂಸಿದಳು.

“ಚೆನ್ನಾಗಿದೆ” ಎಂದಳು.

ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದ ಮಾತು. ಅದನ್ನು ಕೇಳಿ ಅವನು ತಲೆ ತಗ್ಗಿಸಿದನು.

ಅವಳು ಹೋದ ಮೇಲೆ ಪಟವನ್ನು ಇಳಿಸಿದನು. ಒಳಗೆ ಹೋಗಿ ಬೆಣ್ಣೆ ಕಾಯಲಿಟ್ಟನು. ತುಪ್ಪ ಹದವಾಗಿಯೇ ಬಂದಿತು. ಮುದುಕಿಯೂ ಬರುವುದನ್ನು ಬಿಡಲಿಲ್ಲ. ಕೆಲವು ತಿಂಗಳು ಹನಿ ಹಾಕಿಸಿಕೊಂಡೇ ಕೊಂಡಳು; ಆಮೇಲೆ ಆ ಅಭ್ಯಾಸ ತಾನಾಗಿ ತಪ್ಪಿತು. ಅವನು ಮೊದಲಿನಂತೆ ನೆಮ್ಮದಿಯಾಗಿದ್ದನು. ಚೆನ್ನಾಗಿದೆ ಎಂದು ಯಾರೂ ಹೇಳದಿದ್ದ ದಿನ ಅವನಿಗೆ ಇನ್ನಷ್ಟು ನೆಮ್ಮದಿ.

ಗುರುಗಳು ಕತೆ ಮುಗಿಸಿದರು. ಸುಗುಣಾ ಒಪ್ಪಲಿಲ್ಲ.

“ಆದರೆ ಗುರುಗಳೇ, ಗೋಡೆಯ ಮೇಲಿದ್ದ ಮಾತು ನಿಜವೇ ಅಲ್ಲವೇ?”

“ನಿಜವೇ, ತಾಯಿ, ಆದರೆ ಕೂಲಿ ಕೊಟ್ಟು ಕರೆತಂದ ಸಾಕ್ಷಿ ನಿಜವನ್ನೇ ಹೇಳಿದರೂ, ಜನ ನೋಡುವುದು ಕರೆತಂದವನ ಮುಖವನ್ನು.”