ಗುರುಪಾದ ಬೆಳಕು ಬಿಟ್ಟದ್ದು

ಒಂದು ಹಾಡಿನ ನಾಟಕದ ಕಂಪನಿ ಇತ್ತು. ಅಲ್ಲಿ ರಾಜ ಹಾಡಿಯೇ ಸಿಟ್ಟಾಗಬೇಕು, ರಾಣಿ ಹಾಡಿಯೇ ಅಳಬೇಕು, ಸೇವಕ ನೀರು ತಂದರೂ ಹಾಡಿಯೇ ತರಬೇಕು. ಆ ಕಂಪನಿಯಲ್ಲಿ ವೇಷದ ಬಟ್ಟೆ ಹೊಲಿಯುವವಳು ನೀಲವ್ವ. ಅವಳಿಗೆ ಒಬ್ಬನೇ ಮಗ, ಗುರುಪಾದ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಬಾಗಿಲಾ ನೋಡ್ಕೋ" ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತ ಕೂತವನು.

ಕಂಪನಿ ಇಳಕಲ್ಲಿಗೆ ಬಂದಾಗ ಬೆಳಕು ಬಿಡುವವನು ಜ್ವರ ಹಿಡಿದು ಊರಿಗೆ ಹೋದ. ನೀಲವ್ವ ಮಾಲಕ ಪರಪ್ಪ ಮಾಸ್ತರನ ಮುಂದೆ ನಿಂತಳು.

"ನನ್ನ ಮಗಗ ಆ ಕೆಲಸ ಕೊಡ್ರಿ ಮಾಸ್ತರ. ನಾ ಸತ್ತ ಮ್ಯಾಲೆ ಇವ ಏನು ತಿಂತಾನ?"

"ಈ ಊರಿನ ಆಟ ಮುಗಿಯೂತನಕ ನೋಡ್ತೀನವ್ವಾ. ಕೈಲಾಗಲಿಲ್ಲ ಅಂದ್ರ ಕರಕೊಂಡು ಹೋಗು."

ಮಾಸ್ತರ ಗುರುಪಾದನನ್ನು ರಂಗದ ಪಕ್ಕದ ಅಟ್ಟ ಹತ್ತಿಸಿ, ದೊಡ್ಡ ಲೈಟು ಅವನ ಕೈಗೆ ಕೊಟ್ಟ. "ರಾಣಿ ಎಲ್ಲಿ ಹೊಕ್ಕಾಳೋ ಬೆಳಕು ಅಲ್ಲಿ ಹೋಗಬೇಕು. ತಿಳೀತಿಲ್ಲೋ?"

"ತಿಳೀತ್ರಿ."

ರಾಣಿಯ ವೇಷದ ಚಂಪಾಬಾಯಿ ಹಾಡಿದಳು, ಬೆಳಕು ಅವಳ ಮೇಲೇ ಇತ್ತು. ಹಾಡು ಮುಗಿಸಿ ಒಳಗೆ ಹೋದಳು, ಬೆಳಕೂ ಹಿಂದೆಯೇ ಹೋಯಿತು. ರಾಜ ಕತ್ತಲಲ್ಲಿ ಹಾಡುತ್ತಿದ್ದ. ಪರದೆಯ ಸಂದಿಯಲ್ಲಿ ರಾಣಿ ಕಿರೀಟ ತೆಗೆದಿಟ್ಟು ಮಿರ್ಚಿ ಭಜಿ ತಿನ್ನುವುದನ್ನು ಜನ ಕಣ್ತುಂಬ ನೋಡಿದರು.

"ಖೋಡಿ, ಯಾರು ಹಾಡ್ತಾರೋ ಅವರ ಮ್ಯಾಲೆ ಬೆಳಕು ಬಿಡಬೇಕು" ಎಂದು ಮಾಸ್ತರ ಬೈದ.

"ಹಾಂಗ ಮಾಡ್ತೀನ್ರಿ."

ಮರುದಿನದ ಆಟ. ಮುಂದಿನ ಸಾಲಿನಲ್ಲಿ ಒಬ್ಬ ನೇಕಾರ ಅಜ್ಜ ತಲೆದೂಗುತ್ತ ರಾಣಿಯ ಜೊತೆ ತಾನೂ ಹಾಡತೊಡಗಿದ. ರಾಣಿ ಉಸಿರು ಹಿಡಿಯಲು ನಿಂತಳು, ಅಜ್ಜ ನಿಲ್ಲಲಿಲ್ಲ. ಗುರುಪಾದ ಬೆಳಕನ್ನು ತಿರುಗಿಸಿ ಅಜ್ಜನ ಮೇಲೆ ಬಿಟ್ಟ. ಅಜ್ಜ ಎದ್ದು ನಿಂತು, ರುಮಾಲು ಸರಿಮಾಡಿಕೊಂಡು ಇಡೀ ಹಾಡು ಹಾಡಿ ಮುಗಿಸಿದ. ಜನ ಒನ್ಸ್ ಮೋರ್ ಕೂಗಿದರು. ಚಂಪಾಬಾಯಿ ಆ ರಾತ್ರಿ ಊಟ ಮಾಡಲಿಲ್ಲ.

ನೀಲವ್ವ ತಲೆ ಚಚ್ಚಿಕೊಂಡಳು. "ನಿನ್ನ ಹಡದು ಏನು ಪಡಕೊಂಡೆನೋ."

ಮಾಸ್ತರ ತಡೆದುಕೊಂಡು ಹೇಳಿದ, "ಮಂದಿ ಕಡೆ ತಿರುಗಸಬ್ಯಾಡ. ರಾಣಿಗೆ ದುಃಖ ಆದ್ರ ಲೈಟಿಗೆ ನೀಲಿ ಹಾಳಿ ಹಚ್ಚು, ಸಿಟ್ಟು ಬಂದ್ರ ಕೆಂಪು ಹಾಳಿ ಹಚ್ಚು."

ಮೂರನೆಯ ಆಟದಲ್ಲಿ ರಾಣಿ ಸತ್ತ ಮಗುವನ್ನು ಮಡಿಲಲ್ಲಿಟ್ಟು ಹಾಡುತ್ತಿದ್ದಳು. ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡಿದ್ದರು. ಗುರುಪಾದನಿಗೆ ಅನುಮಾನ ಬಂತು. ಅಟ್ಟದಿಂದ ಬಗ್ಗಿ ಮೆಲ್ಲಗೆ ಕೇಳಿದ, "ಅಕ್ಕಾರ, ನಿಮಗ ಖರೇನ ದುಃಖ ಆಗೇತೇನ್ರಿ?"

ಚಂಪಾಬಾಯಿ ಹಲ್ಲು ಕಡಿದು ಅಂದಳು, "ಕೆಳಗ ಇಳಿ, ನಿನ್ನ ಕಾಲು ಮುರೀತೀನಿ."

ಗುರುಪಾದ ಕೆಂಪು ಹಾಳೆ ಹಚ್ಚಿದ. ಮಗುವಿನ ಮೇಲೆ ಅಳುವ ತಾಯಿ ರಾಕ್ಷಸಿಯಂತೆ ಕಂಡಳು. ಹೆಂಗಸರ ಮಡಿಲಲ್ಲಿದ್ದ ಕೂಸುಗಳು ಚೀರಿದವು.

ನೀಲವ್ವ ಗಂಟು ಕಟ್ಟತೊಡಗಿದಳು. ಅವಳ ಮುಖ ನೋಡಿ ಮಾಸ್ತರನಿಗೆ ಪಾಪ ಅನಿಸಿತು. "ನಾಳೆ ಕಡೇ ಆಟ. ಇನ್ನೊಮ್ಮೆ ನೋಡೂಣು" ಅಂದ. ಗುರುಪಾದನಿಗೆ ಹೇಳಿದ, "ನೀ ಏನೂ ವಿಚಾರ ಮಾಡಬ್ಯಾಡ. ನನ್ನ ಕೈ ನೋಡು. ಎತ್ತಿದ್ರ ಆರಿಸು, ಇಳಿಸಿದ್ರ ಹಚ್ಚು."

"ಇದು ಸರಳ ಐತ್ರಿ."

ಕಡೆಯ ದಿನ ರಾಜನ ವೇಷದವನ ಗಂಟಲು ಕಟ್ಟಿತು. ಮಾಸ್ತರ ತಾನೇ ಕಿರೀಟ ಇಟ್ಟುಕೊಂಡು ರಂಗಕ್ಕೆ ಬಂದ. ಆಟ ಚಂದ ಸಾಗಿತು. ಕೊನೆಗೆ ಕಾಡಿನಿಂದ ಮರಳಿದ ರಾಣಿ ಕಾಲಿಗೆ ಬಿದ್ದಳು. ರಾಜ ಆಶೀರ್ವಾದ ಮಾಡಲು ಕೈ ಎತ್ತಿದ. ಟೆಂಟೆಲ್ಲ ಕತ್ತಲಾಯಿತು.

ಮಾಸ್ತರ ಹಳೆಯ ನಟ, ಹೆದರಲಿಲ್ಲ. ಕತ್ತಲಲ್ಲೇ ಹಾಡಿದ. ಚಂಪಾಬಾಯಿ ದನಿಗೂಡಿಸಿದಳು. ಜನ ಉಸಿರು ಬಿಗಿಹಿಡಿದು ಕೇಳಿದರು. ಹಾಡು ಮುಗಿಯಿತು, ಚಪ್ಪಾಳೆಯೂ ಮುಗಿಯಿತು. ಬೆಳಕು ಬರಲಿಲ್ಲ.

"ಗುರುಪಾದಾ, ದೀಪ ಹಚ್ಚೋ" ಎಂದು ಮಾಸ್ತರ ಕತ್ತಲೊಳಗಿಂದ ಕೂಗಿದ.

"ಕೈ ಇಳಿಸೀರೇನ್ರಿ?"

"ಆಗಳೇ ಇಳಿಸೇನೋ ಮಾರಾಯಾ."

"ಕಾಣವಲ್ದ್ರಿ ಮಾಸ್ತರ" ಅಂದ ಗುರುಪಾದ. "ಸ್ವಲ್ಪ ಬೆಳಕಿಗೆ ಬಂದು ತೋರಸ್ರಿ, ಹಚ್ತೀನಿ."