ಕೂದಲು ಉದುರಿದ ಕರಡಿ ಮತ್ತು ಸುದ್ದಿ ಹೊರುವ ನರಿ

ಒಂದು ಕಾಡಿನಲ್ಲಿ ಮರಗಳಿಗಿಂತ ಬಂಡೆಗಳೇ ಹೆಚ್ಚಾಗಿದ್ದವು. ಆ ಬಂಡೆಗಳ ನಡುವಿನ ಗುಹೆಯಲ್ಲಿ ಜಾಂಬಕ್ಕ ಎಂಬ ಕರಡಿ ಇದ್ದಳು. ಅವಳ ಮೈಮೇಲೆ ಕಪ್ಪಗೆ, ದಟ್ಟವಾಗಿ, ಮಿರಮಿರ ಮಿಂಚುವ ಕೂದಲಿತ್ತು. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಕೆರೆಗೆ ಹೋದರೆ ನೀರು ಕುಡಿಯುವುದು ಒಂದು ಗುಟುಕು, ನೀರಿನಲ್ಲಿ ತನ್ನನ್ನೇ ನೋಡಿಕೊಳ್ಳುವುದು ಅರ್ಧ ಬೆಳಗು. ಹಿಂದೆ ಬಾಯಾರಿ ನಿಂತವರು ಕೆಮ್ಮಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಆದರೆ ಜಾಂಬಕ್ಕನ ಮನಸ್ಸು ದೊಡ್ಡದು. ಜೇನು ಸಿಕ್ಕ ದಿನ ಒಬ್ಬಳೇ ತಿನ್ನುತ್ತಿರಲಿಲ್ಲ. ಸಂಜೆ ಇಪ್ಪೆ ಮರದ ಕೆಳಗೆ ಎಲ್ಲರೂ ಸೇರುವ ಹೊತ್ತಿಗೆ ಮುತ್ತುಗದ ಎಲೆಯಲ್ಲಿ ಕಟ್ಟಿ ತರುತ್ತಿದ್ದಳು. ಹಂಚುತ್ತ ಹಂಚುತ್ತ ಒಬ್ಬೊಬ್ಬರನ್ನೂ ಗೇಲಿ ಮಾಡಿ ನಗಿಸುತ್ತಿದ್ದಳು.

ಒಂದು ವರ್ಷ ಅವಳಿಗೆ ಕಾಯಿಲೆ ಬಂತು. ಮೊದಲು ಮೈ ತುರಿಸಿತು. ಆಮೇಲೆ ಕೂದಲು ತೇಪೆ ತೇಪೆಯಾಗಿ ಉದುರಿತು. ಕೆಲವು ದಿನ ಕೀಲುಗಳೂ ನೋಯುತ್ತಿದ್ದವು. ಮದ್ದು ಬಲ್ಲ ಆಮೆಯಜ್ಜ ಬಂದು ನೋಡಿದ.

“ಇದು ಪೂರ್ತಿ ಬಿಟ್ಟುಹೋಗುವ ಕಾಯಿಲೆಯಲ್ಲ ಮಗಳೇ. ಆದರೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ದಿನಾ ಬೆಳಗಿನ ಬಿಸಿಲಿಗೆ ಮೈಯೊಡ್ಡು. ಕೆರೆಯ ಮಣ್ಣು ಹಚ್ಚಿಕೊಂಡು ಸ್ನಾನ ಮಾಡು. ಯಾರಿಗೂ ಅಂಟುವಂಥದ್ದಲ್ಲ, ನಾಲ್ಕು ಜನರ ಜೊತೆ ಇರು,” ಎಂದ.

ಅಜ್ಜ ಇಷ್ಟೆಲ್ಲ ಹೇಳಿದ. ಜಾಂಬಕ್ಕನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಅವಳು ಗುಹೆಯ ಒಳಮೂಲೆಗೆ ಹೋಗಿ ಕೂತುಬಿಟ್ಟಳು.

ಅವಳನ್ನು ನೋಡಲು ಮೊದಲು ಬಂದವನು ಸವಿಯಪ್ಪ ಎಂಬ ನರಿ. ಹೆಸರಿಗೆ ತಕ್ಕಂತೆ ಅವನ ಮಾತು ಬಲು ಸವಿ.

“ಜಾಂಬಕ್ಕ, ನನಗೇನೂ ಅಸಹ್ಯವಿಲ್ಲ. ನೀನು ಹೇಗಿದ್ದರೂ ನನಗೆ ಅಕ್ಕನೇ. ಆದರೆ ಉಳಿದವರು… ಬೇಡ ಬಿಡು, ನೀನು ಕೇಳಬೇಡ,” ಎಂದ.

ಜಾಂಬಕ್ಕ ಕೇಳಿರಲೇ ಇಲ್ಲ. ಈಗ ಕೇಳಿದಳು. “ಏನಂದರು?”

“ನೀನು ಇಷ್ಟು ಒತ್ತಾಯ ಮಾಡಿದ ಮೇಲೆ ಹೇಳದೆ ಇರಲಾಗುತ್ತದೆಯೇ? ಆ ಮೊಲ ಕಿವಿಯಣ್ಣ ಇಲ್ಲವೇ, ‘ಅದು ಕರಡಿಯೋ, ಪುಕ್ಕ ಕಿತ್ತ ಕೋಳಿಯೋ’ ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.”

ಪಾಪ, ಕಿವಿಯಣ್ಣ ಹಾಗೆ ಅಂದಿರಲೇ ಇಲ್ಲ. ದಿನವಿಡೀ ಅವನ ಬಾಯಲ್ಲಿ ಗರಿಕೆ, ಮಾತಿಗೆ ಜಾಗವೆಲ್ಲಿ? ಆದರೆ ಜಾಂಬಕ್ಕ ನಂಬಿದಳು. ನಮ್ಮ ಬಗ್ಗೆ ನಾವೇ ಒಳಗೊಳಗೆ ಅಂದುಕೊಂಡದ್ದನ್ನು ಬೇರೆಯವರು ಹೇಳಿದರೆ ಬೇಗ ನಂಬಿಕೆ ಬರುತ್ತದೆ.

“ನಾನಿನ್ನು ಹೊರಗೆ ಬರುವುದಿಲ್ಲ,” ಎಂದಳು.

“ಹಾಗೆ ಮಾಡಿದರೆ ಎಲ್ಲರೂ ನಿನ್ನನ್ನು ಮರೆತೇಬಿಡುತ್ತಾರೆ ಅಕ್ಕ. ಒಂದು ಕೆಲಸ ಮಾಡು. ಮಧ್ಯಾಹ್ನ ಎಲ್ಲರೂ ಮಲಗಿರುತ್ತಾರೆ. ಆಗ ಹೋಗಿ ಜೇನು ತಂದಿಡು. ನಿನ್ನ ಹೆಸರಿನಲ್ಲಿ ನಾನು ಹಂಚುತ್ತೇನೆ.”

ಜಾಂಬಕ್ಕನ ಕಣ್ಣು ತುಂಬಿತು. ಇಂಥ ತಮ್ಮ ಯಾರಿಗಿದ್ದಾನೆ ಎಂದುಕೊಂಡಳು.

ಅಂದಿನಿಂದ ಅವಳು ಉರಿಬಿಸಿಲಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಬಂಡೆ ಹತ್ತಿ ಜೇನು ಕೀಳುತ್ತಿದ್ದಳು. ದಟ್ಟ ಕೂದಲಿದ್ದಾಗ ಜೇನುನೊಣಗಳು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಈಗ ಕೂದಲಿಲ್ಲದ ಕಡೆಯೆಲ್ಲ ಕಚ್ಚುತ್ತಿದ್ದವು. ಸಹಿಸಿಕೊಂಡಳು. ಸವಿಯಪ್ಪ ಜೇನಿನ ಪೊಟ್ಟಣ ಕಚ್ಚಿಕೊಂಡು ಹೊರಡುತ್ತಿದ್ದ. ಮೊದಲು ಸಿಕ್ಕ ಪೊದೆಯ ಹಿಂದೆ ಕೂತು ಎಲೆಯನ್ನೂ ಬಿಡದೆ ನೆಕ್ಕಿ ಮುಗಿಸುತ್ತಿದ್ದ. ಆಮೇಲೆ ಇಪ್ಪೆ ಮರದ ಕೆಳಗೆ ಹೋಗಿ ನಿಟ್ಟುಸಿರು ಬಿಡುತ್ತಿದ್ದ.

“ಜಾಂಬಕ್ಕ ಹೇಗಿದ್ದಾಳೆ?” ಎಂದು ಕಿವಿಯಣ್ಣ ಕೇಳುತ್ತಿದ್ದ.

“ಯಾರ ಮುಖ ನೋಡಲೂ ಅವಳಿಗೆ ಇಷ್ಟವಿಲ್ಲವಂತೆ. ನೀವೆಲ್ಲ ಜೇನಿನ ಆಸೆಗೆ ಬರುತ್ತಿದ್ದವರಂತೆ. ನಾನು ಹೇಳಿದ್ದಲ್ಲಪ್ಪ, ಅವಳೇ ಹೇಳಿದ್ದು.”

ಎಲ್ಲರಿಗೂ ಬೇಸರವಾಯಿತು. ನಿಜ ಹೇಳಬೇಕೆಂದರೆ, ಕೆಲವರಿಗೆ ಒಳಗೊಳಗೇ ಸಮಾಧಾನವೂ ಆಯಿತು. ಕಾಯಿಲೆಯವಳ ಹತ್ತಿರ ಹೋಗಿ ಏನು ಮಾತಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹೋಗದೆ ಇರಲು ಒಂದು ನೆಪ ಸಿಕ್ಕಿತು.

ಇತ್ತ ಗುಹೆಯಲ್ಲಿ ಜಾಂಬಕ್ಕ ನರಿಯ ದಾರಿ ಕಾಯುತ್ತಿದ್ದಳು. “ಎಲ್ಲರೂ ತಿಂದರೇ? ಏನಾದರೂ ಅಂದರೇ?”

“ತಿಂದರು. ಬಾಯಿ ಒರೆಸಿಕೊಂಡು ಹೋದರು.”

ಮಳೆಗಾಲ ಕಳೆದು ಚಳಿಗಾಲ ಬಂತು. ಯಾರಾದರೂ ನೋಡಿಯಾರೆಂದು ಜಾಂಬಕ್ಕ ಬೆಳಗಿನ ಬಿಸಿಲಿಗೂ ಬರಲಿಲ್ಲ, ಕೆರೆಗೂ ಹೋಗಲಿಲ್ಲ. ಕಾಯಿಲೆ ಹೆಚ್ಚಿತು. ಮಾತಾಡುವ ಅಭ್ಯಾಸವೇ ತಪ್ಪಿ ಅವಳ ದನಿಯೂ ಸಣ್ಣದಾಯಿತು.

ಆ ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಜಗಳವೆಂದರೆ ಪ್ರಾಣ. ಪಕ್ಕದ ಕಾಡಿನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದವಳು ಆಗಷ್ಟೇ ಹಿಂತಿರುಗಿದ್ದಳು. ಸುದ್ದಿ ಕೇಳಿದ ಕೂಡಲೇ ಅವಳ ಮುಳ್ಳುಗಳು ನೆಟ್ಟಗಾದವು.

“ಜೇನಿನ ಆಸೆಗೆ ಬರುತ್ತಿದ್ದೆನೇ? ನಾನು? ನನ್ನ ಪಾಲನ್ನೆಲ್ಲ ತಿಂದವನು ಈ ಕಿವಿಯಣ್ಣ. ಜೇನು ಕಂಡರೇ ನನಗೆ ಆಗುವುದಿಲ್ಲ, ಮುಳ್ಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಅವಳನ್ನೇ ಕೇಳಿಬರುತ್ತೇನೆ,” ಎಂದು ಹೊರಟಳು.

ಮುಳ್ಳುಹಂದಿಗಳು ಜಗಳಕ್ಕೆ ಹೋಗುವುದು ಹಿಮ್ಮುಖವಾಗಿ. ಸೂಜವ್ವನೂ ಗುಹೆಗೆ ಬೆನ್ನು ಮಾಡಿ, ಮುಳ್ಳು ಝಣಝಣಿಸುತ್ತ, ಹಿಮ್ಮುಖವಾಗಿಯೇ ಒಳಗೆ ನುಗ್ಗಿದಳು.

“ಯಾರದು? ಬರಬೇಡ. ನನ್ನನ್ನು ನೋಡಬೇಡ,” ಎಂದು ಒಳಗಿನಿಂದ ಸಣ್ಣ ದನಿ ಬಂತು.

“ಹಿಂದಕ್ಕೆ ಹೆಜ್ಜೆ ಇಡುತ್ತ ಬರುತ್ತಿದ್ದೇನೆ, ನನಗೆ ಕಾಣುವುದು ಹೊರಗಿನ ಹುಣಸೆ ಮರ ಒಂದೇ. ನಿನ್ನನ್ನು ಹೇಗೆ ನೋಡಲಿ? ಮೊದಲು ಹೇಳು, ನಾವು ಜೇನಿಗಾಗಿ ಬರುವವರು ಅಂದೆಯಂತೆ?”

“ನಾನೆಲ್ಲಿ ಅಂದೆ? ದಿನಾ ಕಳಿಸಿದ ಜೇನು ತಿಂದು ಒಂದು ಮಾತು ಹೇಳಿಕಳಿಸಲಿಲ್ಲ ನೀವು. ಪುಕ್ಕ ಕಿತ್ತ ಕೋಳಿ ಅಂತ ನಕ್ಕಿರಂತೆ.”

“ಯಾವ ಜೇನು? ಯಾವ ಕೋಳಿ?”

ಜೇನು ಹೊತ್ತವನು ಯಾರು, ಸುದ್ದಿ ಹೊತ್ತವನು ಯಾರು ಎಂದು ಇಬ್ಬರೂ ಲೆಕ್ಕ ಹಾಕಿದರು. ಆಮೇಲೆ ಒಟ್ಟಿಗೇ “ಸವಿಯಪ್ಪ” ಎಂದರು.

ಸೂಜವ್ವನ ಮುಳ್ಳುಗಳು ಮೆಲ್ಲಗೆ ಇಳಿದವು. “ಈಗ ತಿರುಗಲೇನೇ?” ಎಂದು ಕೇಳಿದಳು.

ಜಾಂಬಕ್ಕ ಇನ್ನಷ್ಟು ಮೂಲೆಗೆ ಸರಿದಳು. ಕೊನೆಗೆ “ತಿರುಗು” ಎಂದಳು.

ಸೂಜವ್ವ ತಿರುಗಿ ನೋಡಿದಳು. ಏನೂ ಆಗಿಲ್ಲ, ಚೆನ್ನಾಗಿದ್ದೀಯ ಎಂದು ಸುಳ್ಳು ಹೇಳಲಿಲ್ಲ. “ಕೂದಲು ಹೋಗಿದೆ, ಹೌದು. ನೋಯುತ್ತದೆಯೇ?” ಎಂದಳು.

“ನೋವಿಗಿಂತ ತುರಿಕೆ ಹೆಚ್ಚು. ಬೆನ್ನಿಗೆ ಕೈ ಎಟುಕುವುದಿಲ್ಲ.”

“ನಾನು ಕೆರೆಯಲೇ?”

“ನೀನೇ? ಆ ಮುಳ್ಳಿನಲ್ಲಿ?”

ಜಾಂಬಕ್ಕನಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಹಾಗೆಯೇ ಅಳುವಾಯಿತು. ಸೂಜವ್ವ ಅವಳ ಪಕ್ಕದಲ್ಲೇ ಕೂತಳು, ಚುಚ್ಚದಷ್ಟು ದೂರ ಬಿಟ್ಟು.

ಮರುದಿನ ಹೊತ್ತು ಇಳಿಯುವಾಗ ಸವಿಯಪ್ಪ ಬಂದ. “ಅಕ್ಕ, ಜೇನೆಲ್ಲಿ?”

“ಇವತ್ತು ಕಿತ್ತಿಲ್ಲ ತಮ್ಮ. ಸಂಜೆ ನಾನೇ ಕಿತ್ತುಕೊಂಡು ಇಪ್ಪೆ ಮರದ ಹತ್ತಿರ ಹೋಗುತ್ತೇನೆ.”

ಸವಿಯಪ್ಪ ಅವಳ ದಾರಿಗೆ ಅಡ್ಡ ನಿಂತ. ಅವಳು ಅಲ್ಲಿಗೆ ಹೋದರೆ ಗುಟ್ಟು ರಟ್ಟು. “ಈ ಕೀಲು ನೋವಿನಲ್ಲಿ ಹೋಗುವುದುಂಟೇ ಅಕ್ಕ? ನೀನು ಮಲಗಿರು. ಜೇನು ಎಲ್ಲಿದೆ ಹೇಳು, ನಾನೇ ಕಿತ್ತು ಹಂಚಿಬರುತ್ತೇನೆ.”

“ಕಚ್ಚುತ್ತವೆ ತಮ್ಮ.”

“ನೊಣಕ್ಕೆ ಹೆದರುವ ನರಿಯೇ ನಾನು?”

“ಹಾಗಾದರೆ ಸರಿ. ಗಿಡ್ಡ ಬಂಡೆಯ ಸಂದಿಯಲ್ಲಿದೆ. ನಿನಗೂ ಎಟುಕುತ್ತದೆ.”

ಸವಿಯಪ್ಪನಿಗೆ ಜೇನಿನ ರುಚಿ ಗೊತ್ತಿತ್ತು, ಜೇನುನೊಣದ ಪರಿಚಯವಿರಲಿಲ್ಲ. ಸಂದಿಯೊಳಗೆ ಮೂತಿ ಹಾಕಿದ್ದೇ ತಡ, ಪರಿಚಯವಾಯಿತು. ಊಳಿಡುತ್ತ, ಕಣ್ಣು ಕಾಣದೆ ಓಡಿ, ಇಪ್ಪೆ ಮರಕ್ಕೇ ಢಿಕ್ಕಿ ಹೊಡೆದು ಬಿದ್ದ. ಮೂತಿ ಊದಿ ಕುಂಬಳಕಾಯಿಯಾಗಿತ್ತು.

“ಯಾರಪ್ಪ ಇದು?” ಎಂದ ಕಿವಿಯಣ್ಣ.

“ನೋಡಬೇಡಿ. ನನ್ನ ಮುಖ ಯಾರೂ ನೋಡಬೇಡಿ,” ಎಂದು ಸವಿಯಪ್ಪ ಬಾಲದಿಂದ ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಜಾಂಬಕ್ಕ ಬಂದಳು, ಮೆಲ್ಲಗೆ, ಸೂಜವ್ವನ ಜೊತೆ. ಏನು ಹೇಳುವುದೆಂದು ತಿಳಿಯದೆ ಕಿವಿಯಣ್ಣ ತನ್ನ ಕಿವಿಯನ್ನೇ ಜಗಿಯತೊಡಗಿದ.

ಜಾಂಬಕ್ಕನೇ ಮಾತು ಶುರು ಮಾಡಿದಳು. “ನೋಡಿ, ನಾನು ಈಗ ಹೀಗಿದ್ದೇನೆ. ಈ ಕಾಯಿಲೆ ಬಿಟ್ಟುಹೋಗುವುದಿಲ್ಲ. ಒಂದು ದಿನ ಚೆನ್ನಾಗಿರುತ್ತೇನೆ, ಒಂದು ದಿನ ಇರುವುದಿಲ್ಲ. ಏನು ಮಾತಾಡಬೇಕೆಂದು ತೋಚದಿದ್ದರೆ ಸುಮ್ಮನೆ ಬಂದು ಕೂರಿ, ಸಾಕು.”

ಸೂಜವ್ವ ನರಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದಳು. ಸವಿಯಪ್ಪ ಬಾಲದ ಹಿಂದಿನಿಂದ ಏನೋ ಸಮಜಾಯಿಷಿ ಕೊಡಲು ನೋಡಿದ. ಅಷ್ಟರಲ್ಲಿ ತುಟಿಯೂ ಊದಿಕೊಂಡು ‘ಬುಬ್ಬು ಬುಬ್ಬು’ ಎಂಬುದಷ್ಟೇ ಹೊರಬಂತು. ಅವನ ಬಾಯಿಂದ ಸುಳ್ಳು ಬೀಳದ ಮೊದಲ ಸಂಜೆ ಅದು.

“ನಾವೇ ಬಂದು ನಿನ್ನನ್ನು ಕೇಳಬೇಕಿತ್ತು. ತಪ್ಪಾಯಿತು ಜಾಂಬಕ್ಕ,” ಎಂದ ಕಿವಿಯಣ್ಣ.

ಜಾಂಬಕ್ಕ ಕೆರೆಯ ಮಣ್ಣು ತರಿಸಿ ನರಿಯ ಮೂತಿಗೂ ಮೆತ್ತಿಸಿದಳು. ಬಾವು ಇಳಿಯಿತು. ಆದರೆ ಅವನ ಮಾತನ್ನು ಯಾರೂ ನಂಬದಾದರು. ‘ಮಳೆ ಬರುತ್ತಿದೆ’ ಎಂದು ಅವನು ಹೇಳಿದರೂ ಒಮ್ಮೆ ತಲೆಯೆತ್ತಿ ಆಕಾಶ ನೋಡಿಕೊಳ್ಳುತ್ತಿದ್ದರು.

ಜಾಂಬಕ್ಕನ ಕೂದಲು ಪೂರ್ತಿ ಮರಳಿ ಬರಲಿಲ್ಲ. ಬಿಸಿಲಿಗೆ ಬರತೊಡಗಿದ ಮೇಲೆ ತುರಿಕೆ ತಗ್ಗಿತು, ಕೀಲುಗಳು ಮಾತ್ರ ಆಗಾಗ ಹಟ ಹಿಡಿಯುತ್ತಿದ್ದವು. ಅಂಥ ದಿನ ಅವಳು ಮರದ ಹತ್ತಿರ ಬರುತ್ತಿರಲಿಲ್ಲ. ಎಲ್ಲರೂ ಗುಹೆಗೇ ಹೋಗುತ್ತಿದ್ದರು. “ಇವತ್ತು ಮಾತು ಬೇಡ, ಹೋಗಿ” ಎಂದರೆ ಹೋಗುತ್ತಿದ್ದರು. ಮರುದಿನ ಮತ್ತೆ ಬಂದು ಬಾಗಿಲಲ್ಲಿ ಕೂರುತ್ತಿದ್ದರು.

ನೀತಿ: ಮೈ ಬದಲಾಯಿತೆಂದು ಗೆಳೆಯರಿಂದ ಮುಖ ಮರೆಸಬೇಕಿಲ್ಲ, ಏನು ಮಾತಾಡಲೆಂದು ತಿಳಿಯದೆ ಗೆಳೆಯರು ದೂರ ಉಳಿಯಲೂ ಬಾರದು. ಇಬ್ಬರ ನಡುವೆ ಜಾಗ ಬಿಟ್ಟರೆ ಅಲ್ಲಿ ನರಿ ಬಂದು ಕೂರುತ್ತದೆ.